ಛಾವಣಿ ತೆರೆದರೆ ಮೆರವಣಿಗೆ

ದಾವಣಗೆರೆಯಲ್ಲಿ ಛಾವಣಿ ಇಲ್ಲದ ಬಸ್ ತಂಗುದಾಣದಲ್ಲಿ ಪುಕ್ಕಟೆಯಾಗಿ ನಿಲ್ಲುವವರು ಬೇಕಾದಷ್ಟು ಮಂದಿ ಇದ್ದಾರೆ. ಅದೇ ಸೌಲಭ್ಯಕ್ಕೆ ಇಪ್ಪತ್ತೆರಡು ಲಕ್ಷ ರೂಪಾಯಿ ಎಣಿಸಿಕೊಟ್ಟವರು, ನನಗೆ ತಿಳಿದಂತೆ, ನಮ್ಮ ಸಾಹುಕಾರರೊಬ್ಬರೇ.

ಸಾಹುಕಾರರದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದರೆ ಸಾಕು, ಇಡೀ ರಾಶಿಯ ತೇವ ಎಷ್ಟು ಎಂದು ಹೇಳಿಬಿಡುವ ಮನುಷ್ಯ. ವ್ಯಾಪಾರದಲ್ಲಿ ಯಾರೂ ಅವರಿಗೆ ಟೋಪಿ ಹಾಕಿದ್ದಿಲ್ಲ. ಇಂಥವರು ಹೋದ ವರ್ಷ ಮಗನನ್ನು ನೋಡಲು ಜರ್ಮನಿಗೆ ಹೋಗಿ, ಅಲ್ಲಿ ನರೆತ ತಲೆಯ ಗಂಡ ಹೆಂಡತಿ ಭಾನುವಾರ ಕಾರಿನ ಛಾವಣಿ ಮಡಚಿಟ್ಟು ದ್ರಾಕ್ಷಿ ತೋಟಗಳ ನಡುವೆ ಹಾಯಾಗಿ ಸಾಗುವುದನ್ನು ಕಂಡು, ಅಂಥದೇ ಕಾರು ಬೇಕೆಂಬ ಹುಳ ತಲೆಯಲ್ಲಿ ಬಿಟ್ಟುಕೊಂಡು ಬಂದರು.

"ವಾರವೆಲ್ಲ ದೂಳು ಕುಡಿಯುತ್ತೇವೆ. ಭಾನುವಾರವಾದರೂ ಗಾಳಿ ಕುಡಿಯೋಣ" ಎಂದರು.

"ಸಾಹುಕಾರರೇ, ಅವರಿಗೆ ಬಿಸಿಲು ಎಂದರೆ ಅಪರೂಪದ ನೆಂಟ, ಅಂಗಳಕ್ಕೆ ಇಳಿದು ಎದುರುಗೊಳ್ಳುತ್ತಾರೆ. ನಮ್ಮಲ್ಲಿ ಅವನು ಮನೆಅಳಿಯ. ಫೆಬ್ರುವರಿಯಲ್ಲಿ ಬಂದು ಕೂತರೆ ಜೂನ್‌ವರೆಗೆ ಏಳುವುದಿಲ್ಲ" ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಅವರ ಮನೆಯವರು ಮಾತ್ರ ಕಾಫಿ ಲೋಟ ಇಡುತ್ತ, "ಮನೆಯ ತಾರಸಿ ಎರಡು ಮಳೆಗಾಲದಿಂದ ಸೋರುತ್ತಿದೆ. ಅದಕ್ಕೆ ದುಡ್ಡಿಲ್ಲ, ತಾರಸಿಯೇ ಇಲ್ಲದ ಕಾರಿಗೆ ಇದೆ" ಎಂದು ಹೇಳಿ ಒಳಗೆ ಹೋದರು. ಆ ಮನೆಯಲ್ಲಿ ಅಂದು ಆಡಿದ ಸರಿಯಾದ ಮಾತು ಅದೊಂದೇ.

ಆಯ್ಕೆಗೆ ನನ್ನನ್ನು ಸಲಹೆಗಾರನನ್ನಾಗಿ ಕೂಡಿಸಿಕೊಂಡರು. ಬೆಣ್ಣೆ ದೋಸೆಯ ಮುಂದೆ ಮೊಬೈಲ್ ಹರಡಿಕೊಂಡು ಕುಳಿತೆವು. ಮರ್ಸಿಡಿಸ್‌ನವರು 1996ರಲ್ಲೇ ಎಸ್‌ಎಲ್‌ಕೆ ಎಂಬ ಗಾಡಿಯಲ್ಲಿ ತಗಡಿನ ಛಾವಣಿಯನ್ನೇ ಎರಡಾಗಿ ಮಡಚಿ ಡಿಕ್ಕಿಗೆ ಇಳಿಸಿದ್ದರು. 2009ರ ಬಿಎಂಡಬ್ಲ್ಯು ಝಡ್4 ಕೂಡ ಅದೇ ಜಾತಿ. ಆದರೆ ಮಡಚಿದ ಛಾವಣಿ ಎಲ್ಲಿಗೆ ಹೋಗಬೇಕು? ಡಿಕ್ಕಿಗೇ. 310 ಲೀಟರಿನ ಡಿಕ್ಕಿ ಆಗ 180 ಲೀಟರಿಗೆ ಇಳಿಯುತ್ತದೆ.

"ಒಂದು ಚೀಲ ಮಂಡಕ್ಕಿ ಹಿಡಿಯುತ್ತದೆಯೇ?" ಸಾಹುಕಾರರ ಮೊದಲ ಪ್ರಶ್ನೆ.

ಹಿಡಿಯುವುದಿಲ್ಲ. ಸೀಟಿನ ಮೇಲೆ ಇಟ್ಟುಕೊಂಡು ಛಾವಣಿ ತೆರೆದು ಹೆದ್ದಾರಿಗೆ ಇಳಿದರೆ ಹೆಬ್ಬಾಳು ಟೋಲ್ ಮುಟ್ಟುವ ಹೊತ್ತಿಗೆ ಚೀಲ ಮಾತ್ರ ಉಳಿದಿರುತ್ತದೆ. ದಾವಣಗೆರೆಯವರು ಮಂಡಕ್ಕಿ ಇಲ್ಲದೆ ಪ್ರವಾಸ ಹೊರಟ ದಾಖಲೆ ಇಲ್ಲವಾದ್ದರಿಂದ ತಗಡಿನ ಛಾವಣಿಯವು ಅಲ್ಲಿಗೇ ಬಿದ್ದುಹೋದವು.

ಉಳಿದದ್ದು ಬಟ್ಟೆ ಛಾವಣಿ. ಆಡಿ ಎ3 ಕ್ಯಾಬ್ರಿಯೊಲೆಯದು 18 ಸೆಕೆಂಡಿನಲ್ಲಿ ಮುಚ್ಚುತ್ತದೆ, ಗಂಟೆಗೆ 50 ಕಿ.ಮೀ. ವೇಗದವರೆಗೆ ಓಡುತ್ತಲೇ ಮುಚ್ಚಬಹುದು. ಮಿನಿ ಎಂಬ ಕಾರಿನಲ್ಲಿ 30 ಕಿ.ಮೀ.ವರೆಗೆ. ಸಾಹುಕಾರರು ಕಣ್ಣು ಮುಚ್ಚಿ ಒಂದರಿಂದ ಹದಿನೆಂಟು ಎಣಿಸಿದರು. ಹಾಗೆ ಎಣಿಸುತ್ತಿರುವಾಗಲೇ ಹೋಟೆಲಿನ ಮುಂದೆ ಒಂದು ಮಣ್ಣಿನ ಟಿಪ್ಪರ್ ಹಾದುಹೋಯಿತು. ಕಣ್ಣು ಬಿಟ್ಟಾಗ ಚಟ್ನಿಯ ಬಣ್ಣ ಬೇರೆಯಾಗಿತ್ತು.

ಇಷ್ಟಾದರೂ ಬುದ್ಧಿ ಬರಲಿಲ್ಲ. ಈಗ ಎದುರಾದದ್ದು ಹಂಪ್.

ರಸ್ತೆ ಉಬ್ಬಿಗೆ, ರಸ್ತೆಗಳ ಮಾನದಂಡ ಗೊತ್ತುಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಲೆಕ್ಕವೊಂದಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಆನೆ ಮಲಗಿದಂತೆ ನಯವಾದ ಇಳಿಜಾರು. ನಮ್ಮ ಊರಿನಲ್ಲಿ ಹಂಪ್ ಹಾಕುವವರು ಈ ಅಂಕಿಗಳನ್ನು ಓದಿದ್ದಾರೆ, ಆದರೆ ಯಾವುದು ಅಗಲ ಯಾವುದು ಎತ್ತರ ಎಂಬಲ್ಲಿ ಸ್ವಲ್ಪ ಗೊಂದಲವಾದಂತಿದೆ. ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ 2016ರಲ್ಲೇ ಹೆಸರು ಬರೆಸಿಕೊಂಡ ನಗರವಿದು. ಡಾಂಬರು ಹಾಕುತ್ತಾರೆ, ಪೈಪಿಗೆ ಅಗೆಯುತ್ತಾರೆ, ಅಗೆದ ಮಣ್ಣನ್ನು ಮುಚ್ಚುವಾಗ ಉಳಿದದ್ದು ಹಂಪ್ ಆಗುತ್ತದೆ. ಇನ್ನು ಕೆಲವು ಹಂಪ್‌ಗಳು ವ್ಯಕ್ತಿಗತ. ಮನೆಯ ಯಜಮಾನ ಚುನಾವಣೆಯಲ್ಲಿ ಸೋತರೂ ಮನೆಯ ಮುಂದೆ ಹಂಪ್ ಉಳಿಯುತ್ತದೆ.

ತೆರೆದ ಕಾರುಗಳ ಹೊಟ್ಟೆ ನೆಲಕ್ಕೆ ಹತ್ತಿರ. ಆದ್ದರಿಂದ ಸಾಹುಕಾರರು ಒಂದು ಭಾನುವಾರ ಬೆಳಿಗ್ಗೆ ಆರಕ್ಕೇ ಅಳತೆ ಟೇಪು, ಒಂದು ಮರದ ಹಲಗೆ, ನನ್ನನ್ನು ಕರೆದುಕೊಂಡು ಹೊರಟರು. ಎಂಸಿಸಿ ಬಿ ಬ್ಲಾಕಿನಿಂದ ಪಿ.ಬಿ. ರಸ್ತೆಯವರೆಗೆ ಹಂಪ್ ಅಳೆಯುವ ಕೆಲಸ. ಹಲಗೆಯನ್ನು ಹಂಪ್‌ನ ನೆತ್ತಿಯ ಮೇಲೆ ಅಡ್ಡ ಇಟ್ಟು ನಾನು ಹಿಡಿದುಕೊಳ್ಳಬೇಕು, ಅವರು ಪಂಚೆ ಎತ್ತಿಕಟ್ಟಿ ಕುಕ್ಕರಗಾಲಿನಲ್ಲಿ ಕುಳಿತು ಹಲಗೆಯಿಂದ ನೆಲಕ್ಕೆ ಟೇಪು ಇಳಿಸಬೇಕು. ಹದಿನಾರು ಸೆಂಟಿಮೀಟರ್, ಹತ್ತೊಂಬತ್ತು, ಮತ್ತೆ ಹದಿನಾರು. ನಾಲ್ಕನೆಯದನ್ನು ಅಳೆಯುವಾಗ ಗೇಟಿನ ಬಳಿ ರಂಗೋಲಿ ಹಾಕುತ್ತಿದ್ದ ತಾಯಿಯೊಬ್ಬರು ಕೈಯಲ್ಲಿ ಪುಡಿಯ ಡಬ್ಬಿ ಹಿಡಿದುಕೊಂಡೇ ಓಡಿಬಂದರು.

"ನೀವು ಪಾಲಿಕೆಯವರೇ? ಎಷ್ಟು ಸಲ ಅರ್ಜಿ ಕೊಟ್ಟೆವು! ನಮ್ಮ ಮನೆಯ ಮುಂದೆಯೂ ಒಂದು ಹಾಕಿಸಿಬಿಡಿ."

ಅವರ ಹಿಂದೆ ಎದುರು ಮನೆಯವರು ಬಂದರು, ಬನಿಯನ್ನಿನಲ್ಲಿದ್ದ ನಿವೃತ್ತ ಮೇಷ್ಟರು ಬಂದರು. ಅರ್ಧ ಗಂಟೆಯಲ್ಲಿ ಏಳು ಹೊಸ ಹಂಪ್‌ಗಳಿಗೆ ಬೇಡಿಕೆ ಸಲ್ಲಿಕೆಯಾಯಿತು. ಇದ್ದದ್ದನ್ನು ತೆಗೆಯಲು ಬಂದಿದ್ದೀರಾ ಎಂದು ಒಬ್ಬರೂ ಕೇಳಲಿಲ್ಲ. ಸಾಹುಕಾರರು ಎಲ್ಲರ ಹೆಸರು ಬರೆದುಕೊಂಡರು. ಬರೆದುಕೊಳ್ಳದಿದ್ದರೆ ಬಿಡುವಂತಿರಲಿಲ್ಲ.

ಕಾರು ಕೊನೆಗೆ ದೆಹಲಿಯಿಂದ ಬಂತು. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ, ಹತ್ತು ದಾಟಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದಂದಿನಿಂದ, ಆ ಗಡುವಿನ ಹತ್ತಿರ ಬಂದ ದೊಡ್ಡವರ ಕಾರುಗಳು ಅಲ್ಲಿ ಅಗ್ಗ. ವಯಸ್ಸಿಗೆ ಬಂದ ಮಗಳನ್ನು ದೂರದ ಊರಿಗೆ ಕೊಟ್ಟು ಕೈತೊಳೆದುಕೊಂಡ ಹಾಗೆ ದಕ್ಷಿಣಕ್ಕೆ ಸಾಗಹಾಕುತ್ತಾರೆ. ಇಲ್ಲಿಗೆ ಬಂದ ಮೇಲೆ ನಿರಾಕ್ಷೇಪಣಾ ಪತ್ರ, ಮರುನೋಂದಣಿ, ತೆರಿಗೆ. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಶೇ. 18ರ ಜೀವಾವಧಿ ತೆರಿಗೆ, ಹಳೆಯದಾದರೆ ವಯಸ್ಸು ನೋಡಿ ಒಂದಿಷ್ಟು ಇಳಿಸುತ್ತಾರೆ. ಜೀವಾವಧಿ ಎಂಬ ಪದವನ್ನು ನಮ್ಮಲ್ಲಿ ಶಿಕ್ಷೆಗೂ ತೆರಿಗೆಗೂ ಬಳಸುವುದು ಏಕೆಂದು ಸಾಹುಕಾರರಿಗೆ ಆಗ ಅರ್ಥವಾಯಿತು. ಕಂಪನಿಯ ಹೆಸರು ಇಲ್ಲಿ ಬೇಡ. ಕೆಎ 17 ಫಲಕ ಬಿದ್ದ ಮೇಲೆ ಅದು ನಮ್ಮ ಊರಿನ ಗಾಡಿ.

ಮೊದಲ ಭಾನುವಾರ ಸೂಳೆಕೆರೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಛಾವಣಿ ಮಡಚಿ ಬೀದಿಯ ತಿರುವಿಗೆ ಬರುವಷ್ಟರಲ್ಲಿ ವಾರ್ಡಿನ ಮುಖಂಡರ ಕಡೆಯ ನಾಲ್ಕು ಹುಡುಗರು ಕೈಮುಗಿದು ಅಡ್ಡ ನಿಂತರು. ಅಣ್ಣನವರ ಹುಟ್ಟುಹಬ್ಬ. ಬುಕ್ ಮಾಡಿದ್ದ ತೆರೆದ ಜೀಪು ಕೈಕೊಟ್ಟಿದೆ. ಒಂದೇ ಒಂದು ಸುತ್ತು.

ಒಂದು ಸುತ್ತು ನಾಲ್ಕು ಗಂಟೆ ಹಿಡಿಯಿತು. ಅಣ್ಣನವರು ಹಿಂದಿನ ಸೀಟಿನ ಮೇಲೆ ಬೂಟುಗಾಲಿನಲ್ಲಿ ನಿಂತರು. ಒಂದು ಜೆಸಿಬಿ ತನ್ನ ಬಾಯಿ ತುಂಬ ಚೆಂಡುಹೂವಿನ ಎಸಳು ತುಂಬಿಕೊಂಡು ಬಂದು ನೆತ್ತಿಯ ಮೇಲೆ ಸುರಿಯಿತು. ಕ್ರೇನಿನಿಂದ ಸೇಬಿನ ಹಾರ ಇಳಿಯಿತು. ಆ ಹಾರಕ್ಕೆ ಜೋತುಬಿದ್ದು ಹುಡುಗರು ಕಿತ್ತ ಸೇಬುಗಳಲ್ಲಿ ಅರ್ಧ ಅವರ ಜೇಬಿಗೆ, ಅರ್ಧ ಗೇರಿನ ಪಕ್ಕಕ್ಕೆ. ಸಾಹುಕಾರರ ತೊಡೆಯ ಮೇಲೆ ಸೇಬು, ಕಾಲರಿನೊಳಗೆ ಹೂವು, ಕಾಲು ಬ್ರೇಕಿನ ಮೇಲೆ. ಗಂಟೆಗೆ 200 ಕಿ.ಮೀ. ದಾಟಬಲ್ಲ ಯಂತ್ರ ಡೊಳ್ಳಿನವರ ಹೆಜ್ಜೆಗೆ ಹೆಜ್ಜೆ ಹಾಕಿತು. ಒಂದು ಮಾತು ಹೇಳಬೇಕು: ಆ ವೇಗದಲ್ಲಿ ಹತ್ತೊಂಬತ್ತು ಸೆಂಟಿಮೀಟರಿನ ಹಂಪ್ ಕೂಡ ತಳಕ್ಕೆ ತಾಗಲಿಲ್ಲ, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿ ಇಳಿಸಬಹುದಿತ್ತು. ನಮ್ಮ ರಸ್ತೆಗಳನ್ನು ಯಾವ ವೇಗಕ್ಕಾಗಿ ಕಟ್ಟಿದ್ದಾರೆ ಎಂಬುದು ನನಗೆ ಹೊಳೆದದ್ದು ಅಂದೇ.

ಆಮೇಲೆ ಬಾಗಿಲು ತೆರೆದುಕೊಂಡಿತು. ಮೊದಲೆಲ್ಲ ಯಾರನ್ನಾದರೂ ಸನ್ಮಾನಿಸಬೇಕೆಂದರೆ ಟ್ರ್ಯಾಕ್ಟರ್ ಸಿಂಗರಿಸಬೇಕಿತ್ತು, ಟ್ರೈಲರಿಗೆ ಕುರ್ಚಿ ಕಟ್ಟಬೇಕಿತ್ತು. ಆ ತಾಪತ್ರಯಕ್ಕೆ ಹೆದರಿ ಎಷ್ಟೋ ಸನ್ಮಾನಗಳು ಹುಟ್ಟುವ ಮೊದಲೇ ಸಾಯುತ್ತಿದ್ದವು. ಈಗ ಗಾಡಿ ಸಿದ್ಧವಿದೆ, ಸನ್ಮಾನಿತರು ಬೇಕು. ನಮ್ಮ ವಾರ್ಡಿನಲ್ಲಿ ಸಾಧಕರ ಸಂಖ್ಯೆ ಏಕಾಏಕಿ ಏರಿತು. ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿ, ಸಹಕಾರ ಸಂಘಕ್ಕೆ ಅವಿರೋಧವಾಗಿ ಆಯ್ಕೆಯಾದ ನಿರ್ದೇಶಕರು, ಕುದುರೆಗೆ ಹೆದರುವ ಮದುಮಗ, ಸೇವೆಯಿಂದ ನಿವೃತ್ತರಾದ ಲೈನ್‌ಮನ್. ಹುಡುಗಿ ಮತ್ತು ಲೈನ್‌ಮನ್ ಮೆರವಣಿಗೆಗೆ ನಿಜವಾಗಿಯೂ ಅರ್ಹರಾಗಿದ್ದರು ಎನ್ನಿ. ಅವರ ಮೆರವಣಿಗೆಗೆ ಜೆಸಿಬಿ ಬರಲಿಲ್ಲ.

ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎಂದರೆ ಊರಿನಲ್ಲಿ ಬಾಳುವುದು ಕಷ್ಟ, ವ್ಯಾಪಾರ ಮಾಡುವುದು ಇನ್ನೂ ಕಷ್ಟ. ಸಾಹುಕಾರರ ಅಂಗಡಿಯ ಗೋಡೆಯಲ್ಲಿ ಮುಂಗಡ ಕೊಟ್ಟ ರೈತರ ಪಟ್ಟಿಯ ಪಕ್ಕದಲ್ಲೇ ಕಾರು ಕೇಳಿದವರ ಪಟ್ಟಿ ತೂಗುಬಿತ್ತು. ಸೂಳೆಕೆರೆ ಹಾಗೇ ಉಳಿಯಿತು. ಜೋಗಿಮಟ್ಟಿಯ ಗಾಳಿ, ವಾಣಿವಿಲಾಸ ಸಾಗರದ ದಂಡೆ ಎಲ್ಲವೂ ಪಟ್ಟಿಯ ಕೆಳಗೆ ಸರಿದವು. 89 ವರ್ಷದ ಮೇಲೆ 2022ರಲ್ಲಿ ಕೋಡಿ ಬಿದ್ದ ಜಲಾಶಯ ಅದು. ಇನ್ನೊಂದಿಷ್ಟು ಕಾದರೂ ತಪ್ಪಿಲ್ಲ ಎಂದು ಸಾಹುಕಾರರು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿತ್ತು. ಸಾಹುಕಾರರು ಗುಂಡಿ ಒತ್ತಿದರು. ಛಾವಣಿ ಅರ್ಧ ಎದ್ದು, ಒಮ್ಮೆ ನರಳಿ, ಕೈಮುಗಿದ ಭಂಗಿಯಲ್ಲಿ ನಿಂತುಬಿಟ್ಟಿತು. ಮೇಸ್ತ್ರಿ ಬಂದು ಹಿಂಬದಿಯ ಒಳಪದರ ಬಿಚ್ಚಿದ. ಬಟ್ಟೆ ಛಾವಣಿಯ ಮೇಲೆ ಬಿದ್ದ ನೀರು ಇಳಿದುಹೋಗಲು ಎರಡೂ ಮೂಲೆಯಲ್ಲಿ ಕಿರುಬೆರಳು ಗಾತ್ರದ ಕೊಳವೆ ಇರುತ್ತದೆ. ಅದು ಕಟ್ಟಿಕೊಂಡರೆ ನೀರು ಪಕ್ಕದ ಗುಂಡಿಯಲ್ಲಿ ನಿಂತು, ಛಾವಣಿ ಎತ್ತುವ ಮೋಟಾರು ಅದರಲ್ಲೇ ಮುಳುಗುತ್ತದೆ. ಮೇಸ್ತ್ರಿ ಸೈಕಲ್ ಬ್ರೇಕಿನ ತಂತಿಯನ್ನು ಕೊಳವೆಯೊಳಗೆ ಬಿಟ್ಟು ನಿಧಾನವಾಗಿ ಎಳೆದು, ಬಂದದ್ದನ್ನೆಲ್ಲ ಒಂದು ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟ. ಕೊಳೆತ ಚೆಂಡುಹೂವಿನ ಉಂಡೆ, ಭಂಡಾರದ ಮುದ್ದೆ, ಹೊಳೆಯುವ ಕಾಗದದ ಚೂರು, ಐದಾರು ಸೇಬಿನ ಬೀಜ, ಅಕ್ಷತೆ, ಒಂದು ಮಂಡಕ್ಕಿ.

"ಸಾಹುಕಾರರೇ, ಇದರಲ್ಲಿ ಜರ್ಮನಿಯದು ಯಾವುದು ಹೇಳಿ" ಎಂದ.

ಹೊಸ ಮೋಟಾರು ಅಲ್ಲಿಂದಲೇ ಬರಬೇಕು, ಯಾವಾಗ ಎಂದು ಹೇಳಲಾಗದು ಎಂದು ಬ್ಯಾಟರಿ ಕಳಚಿಟ್ಟು, ಅರ್ಧ ಎದ್ದಿದ್ದ ಬಟ್ಟೆಯನ್ನು ಕೈಯಿಂದಲೇ ಒತ್ತಿ ಹಿಂದಕ್ಕೆ ಮಡಚಿ ಹೋದ. ಅಂಗಡಿಯಿಂದ ಮೆಕ್ಕೆಜೋಳದ ರಾಶಿಗೆ ಹೊದಿಸುವ ನೀಲಿ ತಾಡಪತ್ರಿ ತರಿಸಿ ಕಾರಿಗೆ ಹೊದಿಸಿದರು, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟರು.

ಮೂರನೆಯ ದಿನ ಅಣ್ಣನವರ ಹುಡುಗರು ಮತ್ತೆ ಬಂದರು. ಅಣ್ಣನವರಿಗೆ ಯಾವುದೋ ನಿಗಮದಲ್ಲಿ ಸದಸ್ಯತ್ವ ಸಿಕ್ಕಿತ್ತು. ಸಾಹುಕಾರರು ತಾಡಪತ್ರಿ ಎತ್ತಿ ತೋರಿಸಿ, ಛಾವಣಿ ಮುಚ್ಚುವುದಿಲ್ಲ, ಬ್ಯಾಟರಿ ಇಲ್ಲ, ಗಾಡಿ ಅಲುಗುವುದಿಲ್ಲ ಎಂದು ವಿವರಿಸಿದರು. ಹುಡುಗರಲ್ಲಿ ಹಿರಿಯನಾದವನು ಎಲ್ಲವನ್ನೂ ಗಮನವಿಟ್ಟು ಕೇಳಿ, "ನಮಗೆ ಬೇಕಾದದ್ದು ತೆರೆದದ್ದು ತಾನೇ, ಮುಚ್ಚಿ ಏನು ಮಾಡುವುದಿದೆ?" ಎಂದ. ಅಲುಗಿಸುವುದಕ್ಕೆ ಅವರ ಬಳಿ ವ್ಯವಸ್ಥೆ ಇತ್ತು.

ಭಾನುವಾರ ಹತ್ತೂವರೆಗೆ ಮೆರವಣಿಗೆ ನಮ್ಮ ಬೀದಿಗೆ ಬಂತು. ಮುಂದೆ ಹಗ್ಗ ಕಟ್ಟಿದ ಟ್ರ್ಯಾಕ್ಟರ್, ಹಿಂದೆ ಜರ್ಮನಿಯ ಕಾರು, ಕಾರಿನಲ್ಲಿ ಹಾರದ ಭಾರಕ್ಕೆ ಬಾಗಿದ ಅಣ್ಣನವರು, ಸ್ಟಿಯರಿಂಗ್ ಹಿಡಿದು ಕುಳಿತ ಸಾಹುಕಾರರು. ಅಷ್ಟರಲ್ಲಿ ಮಳೆ ಹನಿಯತೊಡಗಿತು. ಎಲ್ಲರೂ ತೊಯ್ದರು. ಟ್ರ್ಯಾಕ್ಟರಿನ ಚಾಲಕ ಮಾತ್ರ ತನ್ನ ತಗಡಿನ ಟಾಪಿನ ಅಡಿಯಲ್ಲಿ ಕಾಲು ಚಾಚಿ, ಬೀಡಿ ಹಚ್ಚಿಕೊಂಡ.