ಸತ್ಯಾಂಶ: ರಿವರ್ಬ್ ಜಾಸ್ತಿ ಮಾಡಿದರೆ ಅಪಸ್ವರ ಮುಚ್ಚಿಹೋಗುತ್ತಾ?

ರಿವರ್ಬ್ ಎಂದರೆ ದೊಡ್ಡ ಹಾಲ್‌ನಲ್ಲಿ ಹಾಡಿದಂತೆ ದನಿಗೆ ಮೊಳಗು ಸೇರಿಸುವ ಎಫೆಕ್ಟ್. ಪ್ರೊಸೆಸರ್‌ನಲ್ಲಿ, ಅಂದರೆ ದನಿಗೆ ಎಫೆಕ್ಟ್ ಸೇರಿಸುವ ಯಂತ್ರದಲ್ಲಿ, ಇದರ ನಾಬ್ ಪೂರ್ತಿ ತಿರುಗಿಸಿದರೆ ಅಪಸ್ವರ ಯಾರಿಗೂ ಗೊತ್ತಾಗಲ್ಲ ಎನ್ನುವ ಸಲಹೆ ಹಾಡುವವರ ಗುಂಪುಗಳಲ್ಲಿ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ಸರಿಯಲ್ಲ. ರಿವರ್ಬ್ ಶ್ರುತಿಯನ್ನು ತಿದ್ದುವುದಿಲ್ಲ. ಒಳಗೆ ಬಂದ ದನಿಯನ್ನೇ ಮತ್ತೆ ಮತ್ತೆ ಮೊಳಗಿಸುತ್ತದೆ, ಅಷ್ಟೆ.

ಡಿಕೇ ಎಂದರೆ ಆ ಮೊಳಗು 60 ಡೆಸಿಬಲ್ ಇಳಿಯಲು, ಅಂದರೆ ಹೆಚ್ಚುಕಡಿಮೆ ಕೇಳದಂತಾಗಲು, ಹಿಡಿಯುವ ಸಮಯ. ಅದನ್ನು 4 ಸೆಕೆಂಡಿಗೆ ಇಟ್ಟರೆ, ತಪ್ಪಿದ ಸ್ವರವೂ ಎಳೆದುಕೊಂಡು ಹೋಗಿ ಮುಂದಿನ ಸರಿಯಾದ ಸ್ವರದ ಮೇಲೆ ಬೀಳುತ್ತದೆ. ಸಾಹಿತ್ಯವೂ ಕಲಸಿಹೋಗುತ್ತದೆ. ಹಾಗಂತ ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಹದವಾದ ರಿವರ್ಬ್‌ನಲ್ಲಿ ದನಿ ತುಂಬಿಕೊಂಡಂತೆ ಕೇಳುತ್ತದೆ, ಹಾಡುವವರಿಗೂ ಧೈರ್ಯ ಬರುತ್ತದೆ.

ನೀವೇ ಪರೀಕ್ಷಿಸಬಹುದು. ಬೇಕಂತಲೇ ಒಂದು ಸ್ವರ ತಪ್ಪಿಸಿ, ಎಫೆಕ್ಟ್ ಇಲ್ಲದೆ ಒಂದು ಸಾಲು ರೆಕಾರ್ಡ್ ಮಾಡಿ. ಅದನ್ನೇ ಪ್ರೊಸೆಸರ್‌ಗೆ ಕೊಟ್ಟು, ಮಿಕ್ಸ್ ನಾಬನ್ನು (ಹೊರಬರುವ ದನಿಯಲ್ಲಿ ರಿವರ್ಬ್ ಶೇಕಡಾ ಎಷ್ಟಿರಬೇಕು ಎನ್ನುವುದು; 100 ಅಂದರೆ ಬರೀ ರಿವರ್ಬ್) 0, 20, ಆಮೇಲೆ 100ಕ್ಕೆ ಇಟ್ಟು ಕೇಳಿ. ಬೇರೆ ನಾಬ್ ಮುಟ್ಟಬೇಡಿ. ಮುಟ್ಟಿದರೆ ಯಾವುದು ಏನು ಮಾಡಿತು ಅಂತ ತಿಳಿಯಲ್ಲ, ಅಲ್ವಾ? ಮೂರರ ವಾಲ್ಯೂಮೂ ಒಂದೇ ಇರಲಿ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ಪ್ರೊಸೆಸರನ್ನು ಮಿಕ್ಸರಿನ ಸೆಂಡ್‌ಗೆ (ದನಿಯ ಒಂದು ಪ್ರತಿಯನ್ನು ಎಫೆಕ್ಟ್‌ಗೆ ಕಳಿಸುವ ಔಟ್‌ಪುಟ್) ಜೋಡಿಸಿದ್ದರೆ ಮಾತ್ರ ಮಿಕ್ಸ್ 100 ಇಡುವುದೇ ಸರಿ. ಅಲ್ಲಿ ಮೂಲ ದನಿ ಮಿಕ್ಸರಿನಿಂದಲೇ ಬರುತ್ತಿರುತ್ತದೆ.