ಕರಿ ಎರಡು ಸೋರುತ್ತೆ

ಶನಿವಾರ ಸಂಜೆ ಆರಕ್ಕೆ ನಮ್ಮ ಮನೆ ಮಹಡಿ ಮೇಲೆ ಸುಮ್ನೆ ಹಾಡಿಕೊಂಡು ಕೂರೋಣ ಬನ್ನಿ ಅಂತ ನಾನು ಹೇಳಿದ್ದು ನಾಲ್ಕು ಜನಕ್ಕೆ. ಬಂದದ್ದು ಹನ್ನೊಂದು ಜನ. ಅದಕ್ಕೆ ಬೇಜಾರಿಲ್ಲ, ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ಇದೆ ಅಂತ ಗೊತ್ತಾದರೆ ಜನ ಬಂದೇ ಬರುತ್ತಾರೆ. ಆದರೆ ಹಿಂದಿನ ಬೀದಿಯವರೊಬ್ಬರು ಚಕ್ರ ಇರುವ ದೊಡ್ಡ ಸ್ಪೀಕರನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ, ಏದುಸಿರು ಬಿಡುತ್ತಾ ತಂದು ನಡುವೆ ನಿಲ್ಲಿಸಿದರು. ಅದರ ಹೊಟ್ಟೆಯಲ್ಲಿ ಕೆಂಪು, ನೀಲಿ ದೀಪ ಬೇರೆ.

"ಕರೋಕೆ ಟ್ರ್ಯಾಕ್ ಇನ್ನೂರು ಅದಾವ್ರಿ ಸಾರ್, ಯಾವ ಹಾಡು ಬೇಕು ಹೇಳ್ರಿ" ಅಂದರು.

ನನಗೆ ಅಲ್ಲೇ ತಲೆ ಕೆಟ್ಟಿತು. ಕರೆಂಟು, ಮೈಕು ಏನೂ ಬೇಡ ಅಂತಲೇ ತಾನೇ ಕರೆದದ್ದು? ಅಣ್ಣನ ಮಗನ ಗಿಟಾರು, ಒಬ್ಬರ ತಬಲಾ, ಎರಡು ಜೊತೆ ತಾಳ, ನನ್ನ ಹಾರ್ಮೋನಿಯಂ ಪೆಟ್ಟಿಗೆ, ಇಷ್ಟೇ. ಹುಡುಗರು ಇದಕ್ಕೆ ಜಾಮ್ ಅನ್ನುತ್ತಾರೆ. ನಮ್ಮ ಕಡೆ ಶ್ರಾವಣದಲ್ಲಿ ಗುಡಿ ಕಟ್ಟೆ ಮೇಲೆ ಭಜನೆಗೆ ಕೂತಾಗ ಆಗುವುದೂ ಅದೇ. ಒಬ್ಬರು ಒಂದು ಸಾಲು ಎತ್ತುತ್ತಾರೆ, ಉಳಿದವರು ಹಿಂದೆ ಹಿಡಿಯುತ್ತಾರೆ. ಹಾಡು ಬರದವನೂ ಎರಡನೇ ಸಲಕ್ಕೆ ಸೇರಿಕೊಳ್ಳಬಹುದು. ಕರೋಕೆಯಲ್ಲಿ ಹಾಗಿಲ್ಲ. ಉಸಿರು ಕಟ್ಟಿ ಒಂದು ಸಾಲು ತಪ್ಪಿದರೆ ಅದು ನಿಮಗಾಗಿ ಕಾಯುವುದಿಲ್ಲ, ತಬಲಾದವರಾದರೆ ಮುಖ ನೋಡಿ ಇನ್ನೊಂದು ಸುತ್ತು ಬಾರಿಸುತ್ತಾರೆ. 1940ರಲ್ಲಿ ಆಕಾಶವಾಣಿಯವರು, ಸ್ವರದಿಂದ ಸ್ವರಕ್ಕೆ ಜಾರಲು ಬರಲ್ಲ ಅನ್ನೋ ತಪ್ಪಿಗೆ ಬಡಪಾಯಿ ಹಾರ್ಮೋನಿಯಂ ಅನ್ನೇ ರೇಡಿಯೋದಿಂದ ಹೊರಗಿಟ್ಟಿದ್ದರು, 1971ರವರೆಗೆ. ಎಕೋ ಹಾಕಿದ ಮೈಕಿಗೆ ಎಷ್ಟು ವರ್ಷ ಕೊಡಬೇಕು ನೀವೇ ಹೇಳಿ.

ಪೆಟ್ಟಿಗೆಯ ಮಾತು ಬಂತಲ್ಲ, ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ನನ್ನ ಪೆಟ್ಟಿಗೆಯಲ್ಲಿ ಕರಿ ಎರಡು, ಅಂದರೆ ಎರಡನೇ ಕಪ್ಪು ಮನೆ (ಕೀ), ಗಾಳಿ ಸೋರುತ್ತೆ. ಮುಟ್ಟದಿದ್ದರೂ ಆ ಮನೆ ಸಣ್ಣಗೆ ಕೊಂಯ್ ಅನ್ನುತ್ತಲೇ ಇರುತ್ತೆ. ಏಳೆಂಟು ವರ್ಷದ ಹಿಂದೆ ಇದನ್ನು ರಿಪೇರಿ ಮಾಡಿಸಬೇಕು ಅಂತ ತಂಗಿ ಗಂಡನ ಸ್ಕೂಟರಿನ ಹಿಂದೆ ತೊಡೆ ಮೇಲಿಟ್ಟುಕೊಂಡು ಹೊರಟೆ. ಅಶೋಕ ರಸ್ತೆಯ ರೈಲ್ವೆ ಗೇಟು ಬಿತ್ತು. ಆ ಗೇಟಿನಲ್ಲಿ ನಿಂತವರಿಗೇ ಗೊತ್ತು, ಅಲ್ಲಿ ಆಗೆಲ್ಲ ಒಂದು ರೈಲು ಹೋದ ಮೇಲೆ ಇನ್ನೊಂದು ಬರುತ್ತೆ ಅಂತ ತಿಳಿದುಕೊಂಡೇ ಗಾಡಿ ಆಫ್ ಮಾಡಬೇಕಿತ್ತು. ಅಷ್ಟರಲ್ಲಿ ಪೆಟ್ಟಿಗೆಯ ಕೊಂಡಿ ಕಳಚಿ ತಿದಿ ತೆರೆದುಕೊಂಡಿತು. ನಾನು ಗಾಬರಿಯಲ್ಲಿ ಒತ್ತಿದೆ. ಕೊಂಯ್! ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಕೈ ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತೆ, ಒತ್ತಿದರೆ ಮತ್ತೆ ಕೊಂಯ್. ತಂಗಿ ಗಂಡ ಮಾತ್ರ ನನಗೂ ಇವನಿಗೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಮುಂದೆ ನೋಡುತ್ತಾ ಕೂತಿದ್ದ.

ಪಕ್ಕದಲ್ಲಿ ಒಬ್ಬ ಅಜ್ಜ. ಟಿವಿಎಸ್ ಮೇಲೆ ಅವನಿಗಿಂತ ಎರಡು ಪಟ್ಟು ದೊಡ್ಡದಾದ ಮಂಡಕ್ಕಿ ಚೀಲ. ಎರಡು ಸಲ ಕೇಳಿ, ತಲೆ ಓರೆ ಮಾಡಿ ಹೇಳಿದ: "ತಮ್ಮಾ, ಅದು ಕರಿ ಎರಡು. ಪೂರ್ತಿ ಬಿಚ್ಚಿಸಬ್ಯಾಡ. ಮನೆ ಕೆಳಗಿನ ಸ್ಪ್ರಿಂಗ್ ಸತ್ತೈತಿ, ಅದೊಂದನ್ನ ಬದಲಿಸು."

ನಿಮಗೆ ಹೇಗೆ ಗೊತ್ತಾಯ್ತು ಅಜ್ಜಾ ಅಂದೆ. "ನಾಟಕ ಕಂಪನ್ಯಾಗ ಪೆಟ್ಟಿಗಿ ಬಾರಿಸ್ತಿದ್ದೆ" ಅಂದ. ಚಿಂದೋಡಿ ಮನೆತನದವರ ಕೆಬಿಆರ್ ಕಂಪನಿಯ ಊರಿದು, ಅಲ್ಲೇನಾ ಅಂತ ಕೇಳಬೇಕು ಅನ್ನುವಷ್ಟರಲ್ಲಿ ಗೇಟು ಎದ್ದಿತು. ಜನ್ಮದಲ್ಲಿ ಮೊದಲ ಸಲ ಆ ಗೇಟು ಬೇಗ ಎದ್ದದ್ದು ಆವತ್ತೇ. ಮಂಡಕ್ಕಿ ಚೀಲ ಜನರ ನಡುವೆ ತೇಲಿಕೊಂಡು ಹೋಯಿತು.

ರಿಪೇರಿಯವರಿಗೆ ಸ್ಪ್ರಿಂಗ್ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ, ಸ್ವರ ಹೊರಡಿಸೋ ರೀಡೆಲ್ಲ ಉಜ್ಜಿ, ಸಾವಿರದ ಇನ್ನೂರು ತೆಗೆದುಕೊಂಡು, ಸ್ಪ್ರಿಂಗ್ ಚೆನ್ನಾಗಿದೆ ಅಂದರು. ಇವತ್ತಿಗೂ ಸೋರುತ್ತೆ.

ಇರಲಿ. ಶನಿವಾರಕ್ಕೆ ಬರೋಣ. ಅಷ್ಟೊತ್ತಿಗೆ ಅಲ್ಲಿ ಗುಂಪಿಗೆ ಏನು ಹೆಸರಿಡಬೇಕು, ಗೌರವಾಧ್ಯಕ್ಷರು ಯಾರು, ಫ್ಲೆಕ್ಸಿನಲ್ಲಿ ಯಾರ ಫೋಟೋ ಮೊದಲು ಅನ್ನೋ ಚರ್ಚೆ ಶುರುವಾಗಿತ್ತು. ಒಂದು ಹಾಡೂ ಆಗಿರಲಿಲ್ಲ! ನಾನು ಕೋಪದಲ್ಲೇ ಪೆಟ್ಟಿಗೆ ತೆಗೆದು ಕರಿ ಒಂದಕ್ಕೆ ಷಡ್ಜ, ಅಂದರೆ ಹಾಡಿನ 'ಸ', ಹಿಡಿದೆ. ಹುಡುಗ ಗಿಟಾರಿನ ಮೊದಲ ಮನೆಗೆ ಕೇಪೋ, ಅಂದರೆ ಶ್ರುತಿ ಏರಿಸೋ ಕ್ಲಿಪ್ಪು, ಹಾಕಿದ. ಪೆಟ್ಟಿಗೆಯ ಶ್ರುತಿಗೇ ಎಲ್ಲರೂ ಬರಬೇಕು, ಹಿತ್ತಾಳೆ ರೀಡನ್ನು ಕೂತಲ್ಲೇ ತಿರುಪಿ ಸರಿ ಮಾಡಲು ಆಗುತ್ತಾ? ಭೂಪ ರಾಗದಲ್ಲಿ ಎರಡು ಹಾಡು ಆದವು. ಸೋರುವ ಸ್ವರ ಅಲ್ಲಿ ರಿಷಭ, ಅಂದರೆ 'ರಿ', ಆಗುವುದರಿಂದ ಯಾರಿಗೂ ಗೊತ್ತಾಗಲಿಲ್ಲ. ಮೂರನೆಯದು ಮಾಲಕಂಸ ರಾಗ. ಅದರಲ್ಲಿ ರಿಷಭವೇ ಇಲ್ಲ. ಹಾಡಿನುದ್ದಕ್ಕೂ ಕೊಂಯ್ ಅಂತ ಕರೆಯದ ನೆಂಟನ ಹಾಗೆ ಕೂತಿತ್ತು.

ಆಗ ಕರೋಕೆಯವರು ಮಿರ್ಚಿ ನುಂಗಿ ಹೇಳಿದರು: "ಸಾರ್, ಹೆಂಗಿದ್ರೂ ಅದೇ ಕೂಗತೈತಲ್ಲ, ಅದನ್ನೇ ಷಡ್ಜ ಮಾಡ್ಕೊಂಡುಬಿಡ್ರಿ. ಶ್ರುತಿ ಪೆಟ್ಟಿಗಿ ಪುಕ್ಕಟೆ."

ಇಷ್ಟು ವರ್ಷ ನನಗೆ ಇದು ಹೊಳೆದಿರಲಿಲ್ಲ. ಹೊಳೆದದ್ದು ಅವರಿಗೆ ಅನ್ನುವುದೇ ನನ್ನ ಹೊಟ್ಟೆಯುರಿ. ಹುಡುಗ ಕೇಪೋವನ್ನು ಮೂರನೇ ಮನೆಗೆ ಸರಿಸಿದ. ಅವತ್ತಿನಿಂದ ಎಲ್ಲಾ ಹಾಡೂ ಕರಿ ಎರಡಕ್ಕೇ. ಕರೋಕೆಯವರ ಕಂಠಕ್ಕೆ ಸರಿಯಾಗಿ ಕೂರುತ್ತೆ, ನನಗೆ ಮೇಲಿನ ಪಂಚಮ ಎಟುಕುವುದಿಲ್ಲ. ನಾನು ಈಗ ಜಾಸ್ತಿ ಬಾರಿಸುತ್ತೇನೆ, ಕಮ್ಮಿ ಹಾಡುತ್ತೇನೆ. ಸ್ಪೀಕರನ್ನು ಅವರು ಇನ್ನೂ ಇಳಿಸಿಕೊಂಡು ಹೋಗಿಲ್ಲ. ಮಿರ್ಚಿ ತಟ್ಟೆ ಇಡಲು ಅದರ ಎತ್ತರ ಸರಿಯಾಗಿದೆ.