ಅಡಿಕೆಗೆ ಹೋದ ಮನೆ

ಮೊನ್ನೆ ಶನಿವಾರ ರಾತ್ರಿ ಹತ್ತೂವರೆಗೆ ನಾನು ಫೋನಿನ ಟಾರ್ಚ್ ಹಾಕ್ಕೊಂಡು ನಮ್ಮನೆ ರೀಸೈಕ್ಲಿಂಗ್ ಡಬ್ಬದೊಳಗೆ ಅರ್ಧ ಮೈ ಇಳಿಸಿದ್ದೆ. ನಾಯಿ ಕರ್ಕೊಂಡು ಹೋಗ್ತಿದ್ದ ಪಕ್ಕದ ಮನೆಯವ್ರು ನಿಂತು ನೋಡಿ, ಎಲ್ಲಾ ಸರಿ ಇದ್ಯಾ ಅಂತ ಕೇಳಿದ್ರು. ಸರಿ ಇದೆ ಅಂತ ಒಳಗಿಂದ್ಲೇ ಕೈ ಎತ್ತಿದೆ. ಯಾಕೆ ಈ ಗತಿ ಬಂತು ಅಂತ ಹೇಳ್ಬೇಕಂದ್ರೆ ನನ್ನ ಗೆಳೆಯನಿಂದ ಶುರು ಮಾಡ್ಬೇಕು.

ಗೆಳೆಯನೂ ನನ್ನಂಗೇ ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಕೋಡ್ ಕುಟ್ಟೋನು, ಆದ್ರೆ ಯೂಟ್ಯೂಬ್ ಜಾಸ್ತಿ ನೋಡ್ತಾನೆ. ಪಾಟ್‌ಲಕ್ಕಲ್ಲಿ ಪಕ್ಕ ಕೂತು ಬಿಸಿಬೇಳೆ ಬಾತ್ ಮೇಲೆ ಬೂಂದಿ ಸುರ್ಕೊಳ್ತಾ "ಗುರೂ, 18 ಪರ್ಸೆಂಟ್! ಸರ್ಕಾರನೇ ಗ್ಯಾರಂಟಿ! ಟ್ಯಾಕ್ಸ್ ಲೀನ್ ಅಂತ ಕೇಳಿದ್ಯಾ?" ಅಂದ. ಕೇಳಿರ್ಲಿಲ್ಲ.

ವಿಷ್ಯ ಇಷ್ಟೇ. ಕೌಂಟಿ ಅಂದ್ರೆ ನಮ್ ಕಡೆ ಜಿಲ್ಲೆ ಇದ್ದಂಗೆ, ಸ್ಕೂಲು, ಶೆರಿಫ್ಫು, ಲೈಬ್ರರಿ ಬಹಳಷ್ಟು ನಡೆಯೋದು ಮನೆ ಟ್ಯಾಕ್ಸ್ ದುಡ್ಡಲ್ಲಿ, ಯಾರೋ ಕಟ್ಲಿಲ್ಲ ಅಂದ್ಕೊಳಿ, ಬೆಂಗ್ಳೂರಲ್ಲಾದ್ರೆ ಪಾಲಿಕೆಯೋರು ಬಾಕಿದಾರನ ಮುಂದೆ ಹೋಗಿ ತಮಟೆ ಬಾರಿಸ್ತಾರೆ, ಇಲ್ಲಿ ಅಷ್ಟು ಗಲಾಟೆ ಇಲ್ಲ, ತಣ್ಣಗೆ ಆ ಬಾಕಿನೇ ಮಾರಿಬಿಡ್ತಾರೆ. ಮನೆಯಲ್ಲ, ಬಾಕಿ. ನೀವು ಕೌಂಟಿಗೆ ಆ ಬಾಕಿ ದುಡ್ಡು ಕಟ್ಟಿದ್ರೆ ನಿಮ್ ಕೈಗೊಂದು ಸರ್ಟಿಫಿಕೇಟು, ಇನ್ಮೇಲೆ ಆ ಮನೆಯವ್ರು ನಿಮಗೆ ಸಾಲಗಾರ್ರು, ನೀವ್ಯಾರು ಅಂತ ಅವ್ರಿಗೆ ಗೊತ್ತಿಲ್ಲ, ಅವ್ರ್ಯಾರು ಅಂತ ನಿಮಗೂ ಬೇಕಿಲ್ಲ.

ಫ್ಲಾರಿಡಾದಲ್ಲಿ ವರ್ಷಾ ವರ್ಷಾ ಜೂನ್ 1ರ ಒಳಗೆ ಈ ಹರಾಜು ನಡೆಯತ್ತೆ, ಅದೂ ಉಲ್ಟಾ ಹರಾಜು. 18 ಪರ್ಸೆಂಟ್ ಬಡ್ಡಿಯಿಂದ ಶುರು ಮಾಡಿ ಕಾಲು ಕಾಲು ಪರ್ಸೆಂಟ್ ಇಳಿಸ್ತಾ ಬರ್ಬೇಕು, ಯಾರು ಕಮ್ಮಿ ಬಡ್ಡಿ ಸಾಕು ಅಂತಾರೋ ಅವ್ರಿಗೆ ಸರ್ಟಿಫಿಕೇಟು. ಆಹಾ ಎಂಥ ಧರ್ಮ ಅನ್ಕೋಬೇಡಿ. ಕಾಲು ಪರ್ಸೆಂಟಿಗೆ ಗೆದ್ದೋನಿಗೂ ಮನೆಯವ್ರು ಬಾಕಿ ತೀರಿಸುವಾಗ ಕಮ್ಮಿ ಅಂದ್ರೂ 5 ಪರ್ಸೆಂಟ್ ಕೊಡ್ಲೇಬೇಕು ಅಂತ ಕಾನೂನಲ್ಲೇ ಬರ್ದಿದೆ, ಮುಂದಿನ ತಿಂಗಳೇ ತಂದು ಕಟ್ಟಿದ್ರೂ ಐದು ಐದೇ. ಎರಡು ವರ್ಷ ಕಾದ್ರೂ ಕಟ್ಲಿಲ್ವಾ, ಸರ್ಟಿಫಿಕೇಟ್ ಇಟ್ಕೊಂಡೋರು ಅರ್ಜಿ ಹಾಕ್ಬೋದು, ಆವಾಗ ಮನೆಯೇ ಹರಾಜಿಗೆ. ಅದು ಟ್ಯಾಕ್ಸ್ ಡೀಡ್. ಐಯೋವಾದಲ್ಲಿ ಬಡ್ಡಿ ತಿಂಗಳಿಗೇ 2 ಪರ್ಸೆಂಟು. ನಮ್ಮೂರಲ್ಲಿ ಈ ರೇಟಿಗೆ ಸಾಲ ಕೊಡೋರಿಗೆ ಬೇರೆ ಹೆಸ್ರಿದೆ, ಇಲ್ಲಿ ಇನ್ವೆಸ್ಟರ್ ಅಂತಾರೆ.

ಗೆಳೆಯ ಪಾಪ ಫ್ಲಾರಿಡಾ ಹರಾಜಲ್ಲಿ ಲಾಗಿನ್ ಆಗಿ ಕೂತ, ದೊಡ್ಡ ಇನ್ವೆಸ್ಟ್‌ಮೆಂಟ್ ಫಂಡುಗಳ ಕಂಪ್ಯೂಟರು ಇವ್ನು ಮೌಸ್ ಅಲ್ಲಾಡ್ಸೋಷ್ಟರಲ್ಲಿ ಎಲ್ಲಾ ಗುಡಿಸ್ಕೊಂಡ್ ಹೋಯ್ತು. ಬೇಜಾರಾಗಿ ಡೀಡ್ ಹರಾಜಿಗೇ ಇಳೀತೀನಿ ಅಂದ. ನಾನು ಫ್ಲಾರಿಡಾದ್ದೇ ಬ್ರೋವರ್ಡ್ ಕೌಂಟಿ ಕತೆ ಹೇಳ್ದೆ. 2019ರಲ್ಲಿ ಒಬ್ಬ ಮನುಷ್ಯ ಅಲ್ಲಿನ ಆನ್‌ಲೈನ್ ಹರಾಜಲ್ಲಿ 9,100 ಡಾಲರಿಗೆ ವಿಲ್ಲಾ ಸಿಕ್ತು ಅಂತ ಕುಣಿದ, ಆಮೇಲೆ ನೋಡಿದ್ರೆ ಸಿಕ್ಕಿದ್ದು 1 ಅಡಿ ಅಗಲ 100 ಅಡಿ ಉದ್ದದ ಪಟ್ಟಿ. ಎರಡು ವಿಲ್ಲಾ ಮಧ್ಯ, ರಸ್ತೆ ಅಂಚಿಂದ ಶುರುವಾಗಿ ಎರಡು ಗ್ಯಾರೇಜಿನ ನಡುವಿನ ಗೋಡೆ ಕೆಳಗೇ ತೂರ್ಕೊಂಡು ಹಿಂದಕ್ಕೆ ಹೋಗತ್ತೆ. ಕೌಂಟಿ ಲೆಕ್ಕದಲ್ಲೇ ಅದ್ರ ಬೆಲೆ 50 ಡಾಲರು! ದುಡ್ಡು ವಾಪಸ್ ಇಲ್ಲ ಅಂದ್ರು. ಒಂದಡಿ ಜಾಗದಲ್ಲಿ ಏನ್ ಮಾಡ್ತೀರಾ, ತೊಂಡೆಕಾಯಿ ಚಪ್ಪರ ಹಾಕೋಣ ಅಂದ್ರೂ ಮೇಲೆ ಗೋಡೆ ಇದೆ.

ಇದು ಕೊಳ್ಳೋರ ಕತೆ, ನಗ್ಬೋದು. ಕಳ್ಕೊಳ್ಳೋರದ್ದು ಕೇಳಿ. ಮಿಶಿಗನ್‌ನ ಓಕ್‌ಲ್ಯಾಂಡ್ ಕೌಂಟಿಯಲ್ಲಿ ಒಬ್ರು ಟ್ಯಾಕ್ಸ್ ಬಾಕಿ ಕಟ್ಟಿದ್ರು, ಆದ್ರೆ ಬಡ್ಡಿ ಲೆಕ್ಕದಲ್ಲಿ ಎಡವಿ 8 ಡಾಲರ್ 41 ಸೆಂಟ್ ಕಮ್ಮಿ ಕಟ್ಟಿದ್ರು. ಎಂಟು ಡಾಲರು ಸ್ವಾಮಿ, ಇಲ್ಲಿ ಎರಡು ಮಸಾಲೆ ದೋಸೆನೂ ಬರಲ್ಲ. ಅದು ಬಡ್ಡಿ ಫೀಸು ಎಲ್ಲಾ ತಿಂದು 285 ಆಗಿ ಬೆಳೀತು, ಕೌಂಟಿ ಮನೇನ 24,500 ಡಾಲರಿಗೆ ಮಾರ್ತು, ತನ್ನ 285 ತಗೊಂಡು ಉಳಿದಿದ್ದು ವಾಪಸ್ ಕೊಡ್ಬೇಕಲ್ವಾ? ಪೂರ್ತಿ ಇಟ್ಕೊಂಡ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ, ಇಲ್ಲಿ ಅಡಿಕೆಗೆ ಮನೆನೇ ಹೋಯ್ತು, ಆನೆ ಕೌಂಟಿ ಲಾಯದಲ್ಲಿ. ಇದು ತಪ್ಪು ಅಂತ ಆ ರಾಜ್ಯದ ಸುಪ್ರೀಂ ಕೋರ್ಟು ಹೇಳೋಷ್ಟರಲ್ಲಿ 2020 ಬಂದಿತ್ತು.

ಮಿನಿಯಾಪೊಲಿಸ್‌ನ ಅಜ್ಜಿದು ಇನ್ನೂ ಚೆನ್ನಾಗಿದೆ. ಸ್ವಂತ ಕಾಂಡೋ, ಅಂದ್ರೆ ಫ್ಲ್ಯಾಟು, ಬಿಟ್ಟು ವಯಸ್ಸಾದವ್ರ ವಸತಿಗೆ ಹೋದ್ರು, ಟ್ಯಾಕ್ಸ್ 2,300 ಡಾಲರ್ ಬಾಕಿ ಉಳೀತು, ದಂಡ ಬಡ್ಡಿ ಸೇರಿ 15,000. ಹೆನೆಪಿನ್ ಕೌಂಟಿ ಅದನ್ನ 40,000ಕ್ಕೆ ಮಾರಿ ಮಿಕ್ಕ 25,000ನೂ ಜೇಬಿಗಿಳಿಸ್ತು. ಕೋರ್ಟಲ್ಲಿ ಕೌಂಟಿ ವಾದ ಏನು ಗೊತ್ತಾ, ಟ್ಯಾಕ್ಸ್ ಕಟ್ಲಿಲ್ಲ ಅಂದ್ರೆ ಅಜ್ಜಿ ಮನೇನ ಕೈಬಿಟ್ಟಂಗೇ ಲೆಕ್ಕ ಅಂತ. ಕೊನೆಗೆ 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜುಗಳು, ಬೇರೆ ವಿಷ್ಯಕ್ಕೆ ಹಾವು ಮುಂಗುಸಿ ಥರ ಇರೋರು, ಒಂದೇ ದನಿಯಲ್ಲಿ ಅಜ್ಜಿ ಪರ ನಿಂತ್ರು. ಸೀಸರನದ್ದು ಸೀಸರನಿಗೆ ಕೊಡಿ, ಹೆಚ್ಚು ಬೇಡ ಅಂತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬೈಬಲ್ ಮಾತು ಹಿಡಿದು ಬರೆದ್ರು, ಸೀಸರ್ ಅಂದ್ರೆ ಇಲ್ಲಿ ಸರ್ಕಾರ. ಚಿಲ್ರೆ ವಾಪಸ್ ಕೊಡ್ಬೇಕು ಅನ್ನೋದು ನಮ್ ಬೀದಿ ಶೆಟ್ರಿಗೆ ಮೊದ್ಲಿಂದ್ಲೂ ಗೊತ್ತಿತ್ತು, ಇವ್ರು ಇಂಗ್ಲೆಂಡ್ ರಾಜನ ಕೈ ಕಟ್ಟಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾ ತನಕ ಹೋಗಿ ನೋಡ್ಕೊಂಡ್ ಬರ್ಬೇಕಾಯ್ತು. ಆಗ ಅಜ್ಜಿಗೆ 94 ವರ್ಷ.

ಈಗ ಸ್ಯಾನ್ ಫ್ರಾನ್ಸಿಸ್ಕೋಗೆ ಬನ್ನಿ, ನಮ್ಮನೆಯಿಂದ ಒಂದು ಗಂಟೆ. ಪ್ರೆಸಿಡಿಯೋ ಟೆರೇಸ್ ಅಂತ ಒಂದು ಖಾಸಗಿ ರಸ್ತೆ, ಗೇಟು, ಕಾವಲು, 35 ಬಂಗ್ಲೆ, ದೊಡ್ಡ ದೊಡ್ಡ ರಾಜಕಾರಣಿಗಳು ಇದ್ದ ಜಾಗ. ಆ ರಸ್ತೆಗೆ ಟ್ಯಾಕ್ಸ್ ವರ್ಷಕ್ಕೆ 14 ಡಾಲರು. ಮೂವತ್ತು ವರ್ಷದ ಹತ್ರ ಕಟ್ಟಿರ್ಲಿಲ್ಲ, ಯಾಕಂದ್ರೆ ಬಿಲ್ಲು ಯಾವಾಗ್ಲೋ ಎಂಬತ್ತರ ದಶಕದಲ್ಲೇ ಕೆಲ್ಸ ಬಿಟ್ಟ ಅಕೌಂಟೆಂಟ್ ಒಬ್ಬನ ವಿಳಾಸಕ್ಕೆ ಹೋಗ್ತಿತ್ತಂತೆ. ಬಾಕಿ 994 ಡಾಲರಾಯ್ತು, 2015ರಲ್ಲಿ ರಸ್ತೆ ಹರಾಜಾಯ್ತು, ಸ್ಯಾನ್ ಹೋಸೆಯ ಗಂಡ ಹೆಂಡ್ತಿ 90,000 ಚಿಲ್ರೆಗೆ ಕೊಂಡ್ಕೊಂಡು ಇಲ್ಲಿ ಪಾರ್ಕಿಂಗಿಗೆ ದುಡ್ಡು ಕೇಳ್ಬೋದಲ್ವಾ ಅಂತ ಯೋಚ್ನೆ ಮಾಡಿದ್ರು. ಬಂಗ್ಲೆಯೋರಿಗೆ ತಮ್ಮ ರಸ್ತೆ ತಮ್ದಲ್ಲ ಅಂತ ಗೊತ್ತಾಗಿದ್ದು ಎರಡು ವರ್ಷದ ಮೇಲೆ. ಗೊತ್ತಾಗಿದ್ದೇ ತಡ, ನಮಗೆ ಕಾಗದ ಬರ್ಲಿಲ್ಲ ಅಂತ ಹೇಳಿದ್ರು, ಅದೇ ವರ್ಷ ನವೆಂಬರಲ್ಲಿ ನಗರದ ಸೂಪರ್‌ವೈಸರ್‌ಗಳು, ಅಂದ್ರೆ ನಮ್ ಕಡೆ ಕಾರ್ಪೊರೇಟರ್ ಇದ್ದಂಗೆ, 7–4 ವೋಟಲ್ಲಿ ಹರಾಜನ್ನೇ ರದ್ದು ಮಾಡಿದ್ರು. ರಸ್ತೆ ವಾಪಸ್. ಮ್ಯಾಗ್ನಾ ಕಾರ್ಟಾ ಯಾರೂ ತೆಗೀಲೇ ಇಲ್ಲ, ಸೀಸರನ್ನ ಯಾರೂ ಎಬ್ಬಿಸ್ಲಿಲ್ಲ. ಕಾಗದ ಬರ್ಲಿಲ್ಲ ಅನ್ನೋ ಇದೇ ಮಾತನ್ನ ಬಾಡಿಗೆ ಕಟ್ಟೋಕೂ ಒದ್ದಾಡೋ ಏರಿಯಾದವ್ರು ಹೇಳಿದ್ರೆ ಕೌಂಟರಲ್ಲಿ ಸಿಗೋದು ಒಂದು ಫಾರ್ಮು, ಆಮೇಲೆ ಮುಂದಿನ ಕೌಂಟರು.

ಈಗ ಎಲ್ಲಾ ಸರಿಹೋಗಿದೆ ಅಂತಾರೆ. ಮಿಶಿಗನ್‌ನಲ್ಲಿ ಮಿಕ್ಕ ದುಡ್ಡು ವಾಪಸ್ ಬೇಕಂದ್ರೆ ಜುಲೈ 1ರೊಳಗೆ ನೋಟರಿ ಮಾಡಿಸಿ ಫಾರ್ಮ್ ಕಳಿಸ್ಬೇಕು. ಹರಾಜು ಸಾಮಾನ್ಯವಾಗಿ ಅದಾದ್ಮೇಲೆ! ಹಸು ಈಯೋಕ್ ಮುಂಚೆನೇ ಗಿಣ್ಣಿಗೆ ಅರ್ಜಿ ಹಾಕ್ದಂಗೆ. ಮೊದ್ಲ ಕಾಗದನೇ ನೋಡ್ದೆ ಮನೆ ಕಳ್ಕೊಂಡೋರಿಗೆ ಇದನ್ನ ತಿಳಿಸೋದು ಹೆಂಗೆ? ಇನ್ನೊಂದು ಕಾಗದ ಹಾಕಿ.

ಇಷ್ಟೆಲ್ಲಾ ಓದಿ ರಾತ್ರಿ ನಿದ್ದೆ ಬರ್ದೆ ಹೆಂಡ್ತಿನ ಕೇಳ್ದೆ, ಈ ವಾರ ಕೌಂಟಿಯಿಂದ ಏನಾದ್ರೂ ಕವರ್ ಬಂದಿತ್ತಾ ಅಂತ. "ಬಂದಿತ್ರೀ, ಕ್ರೆಡಿಟ್ ಕಾರ್ಡ್ ಜಾಹೀರಾತಿನ ಥರ ಇತ್ತು, ಬಿಸಾಕ್ದೆ" ಅಂದ್ಲು. ಆಮೇಲಿಂದು ನಿಮಗೆ ಗೊತ್ತು. ಪಿಜ್ಜಾ ಕೂಪನ್ ಕಟ್ಟಿನ ಕೆಳಗೆ ಸಿಕ್ತು, ಒಂದು ಮೂಲೆ ಸೋಡಾ ಚೆಲ್ಲಿ ಅಂಟಂಟು. ನಿಧಾನಕ್ಕೆ ಬಿಡಿಸ್ದೆ. ಮನೆ ಬೆಲೆ ಈ ವರ್ಷ ಎಷ್ಟು ಅಂತ ಕೌಂಟಿ ಲೆಕ್ಕ ಹಾಕಿ ತಿಳಿಸೋ ನೋಟಿಸು, ಇದು ಟ್ಯಾಕ್ಸ್ ಬಿಲ್ ಅಲ್ಲ ಅಂತ ಅದ್ರಲ್ಲೇ ಬರ್ದಿತ್ತು. ಇರ್ಲಿ ಅಂತ ಒರೆಸಿ, ದೇವ್ರ ಮನೇಲಿ ಕುಂಕುಮದ ಬಟ್ಟಲ ಪಕ್ಕ ಇಟ್ಟಿದೀನಿ.